ತಣ್ಣಗೇ ಇದ್ದ ನೀರು

“ತೊಂಬತ್ತೊಂದು... ತೊಂಬತ್ತಾರು... ನೂರು! ನೋಡ್ತಿರು ರೋನಾ, ಈಗ ಜೀವ ಬಿಡುತ್ತೆ.”

ವಾಲ್ಟ್ ಒಡೆಗಾರ್ಡ್ ಬಾಯಿ ಮುಚ್ಚುವುದರೊಳಗೆ ಕಂಪ್ಯೂಟರ್ ಆರಿಹೋಯಿತು. ಪರದೆಯ ಮೇಲೆ ಆಗತಾನೆ ಮೂಡುತ್ತಿದ್ದ ಮಾರ್ನಿಯ ಮುಖ ಹಣೆಯಿಂದ ಮೂಗಿನವರೆಗೆ ಕಾಣಿಸಿ ಹಾಗೇ ಕತ್ತಲಾಯಿತು. ಸತ್ತವಳು ಇನ್ನೊಂದು ಸಲ ಸತ್ತಂತಾಯಿತು.

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ರೋನಾ ಕಿವೆಲಾ ಒಂದು ಹೆಜ್ಜೆ ಹಿಂದೆ ಸರಿದಳು. ಕೌಂಟಿ ಶೆರಿಫ್ ಕಚೇರಿಯಲ್ಲಿ ಪತ್ತೇದಾರಿಣಿಯಾಗಿ ತಲೆ ನರೆತವಳು, ಹೆಣ ನೋಡಿ ಹೆದರಿದವಳಲ್ಲ. ಆದರೆ ಮಾರ್ನಿಯ ಮನೆಯ ಈ ಕೋಣೆ ಅವಳಿಗೆ ಒಗ್ಗುತ್ತಿರಲಿಲ್ಲ.

ಹೆಪ್ಪುಗಟ್ಟಿದ ಸರೋವರದ ಮೇಲೆ ಎಮೆಟ್ ಬೊಶೇಯ ಮೀನುಗಾರಿಕೆಯ ಗುಡಿಸಲು ಸುಟ್ಟು ಬೂದಿಯಾಗಿ, ಒಳಗೆ ಸಿಕ್ಕ ಕರಕಲು ಹೆಣದ ಬೆರಳಿನ ಬೆಳ್ಳಿಯುಂಗುರ ನೋಡಿ ಕರ್ಟ್ ಹೌಗನ್ ‘ಇದು ನನ್ನ ಹೆಂಡತಿ ಮಾರ್ನಿಯದೇ’ ಎಂದಿದ್ದ; ಅಂದೇ ಎಮೆಟ್‌ನ ಕೈಗೆ ಕೋಳ ಬಿದ್ದಿತ್ತು.

ಕೋಳ ತೊಡಿಸಿದವಳು ರೋನಾಳೇ. ಗುಡಿಸಲೊಳಗಿನ ಗ್ಯಾಸ್ ಹೀಟರಿನ ಕೊಳವೆಯನ್ನು ಯಾರೋ ಚಾಕುವಿನಿಂದ ಕುಯ್ದಿದ್ದು ಸ್ಪಷ್ಟವಾಗಿತ್ತು, ಗುಡಿಸಲಿನ ಬೀಗದ ಕೈ ಇದ್ದದ್ದು ಎಮೆಟ್‌ನ ಬಳಿ ಮಾತ್ರ. ಅವನು ಅಂದಿನಿಂದ ಇಂದಿನವರೆಗೆ ಹೇಳುತ್ತಿದ್ದದ್ದು ಒಂದೇ ಮಾತು: “ಆಕೆ ನನ್ನ ಗುಡಿಸಲಿಗೆ ಬಂದವಳೇ ಅಲ್ಲ.” ಹೆಂಡತಿ ತೀರಿಕೊಂಡ ಗಂಡಸು. ಪಿಪ್ಪಾ ಎಂಬ ಪುಟ್ಟ ಮಗಳನ್ನು ಕೌಂಟಿಯವರು ಯಾರದೋ ಮನೆಗೆ ಕಳಿಸಿದ್ದಾರೆ. ತಪ್ಪು ಸಾಬೀತಾದರೆ ಸಾಯುವವರೆಗೂ ಜೈಲು. ತಟ್ಟೆಯಲ್ಲಿ ಹಾಕಿದ ಊಟವನ್ನು ಹಾಗೇ ಹಿಂದಕ್ಕೆ ತಳ್ಳುತ್ತಿದ್ದಾನೆಂದು ಜೈಲಿನವರು ಬೆಳಿಗ್ಗೆಯೇ ಹೇಳಿದ್ದರು.

ಇವತ್ತು ಸಂಜೆ ಸರೋವರದಾಚೆ ಗ್ಲೆನ್ ಸ್ಟ್ರೋಮ್‌ನ ಶವಸಂಸ್ಕಾರದ ಮನೆಯಲ್ಲಿ ಆ ಹೆಣದ ದಹನ. ಒಮ್ಮೆ ಅದು ಬೂದಿಯಾದರೆ ಮುಗಿಯಿತು, ಎಮೆಟ್‌ನ ಪರವಾಗಿ ಮಾತಾಡಲು ಈ ಲೋಕದಲ್ಲಿ ಒಂದು ಎಲುಬೂ ಉಳಿಯುವುದಿಲ್ಲ.

“ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡಯ್ಯ,” ಎಂದಳು ರೋನಾ. “ಪಾದ್ರಿಗಳು ಬೆಳಿಗ್ಗೆಯಿಂದ ಫೋಟೋ ಎಲ್ಲಿ ಅಂತ ನನಗೇ ಫೋನ್ ಮಾಡ್ತಿದ್ದಾರೆ. ನಾನೇನು ಫೋಟೋ ಸ್ಟುಡಿಯೋ ಇಟ್ಟಿದ್ದೀನಾ?”

“ಸ್ವಲ್ಪ ಸುಮ್ನಿರ್ತೀಯಾ ತಾಯಿ? ಮಾತ್ರೆ ಎಣಿಸಿ ಕೊಟ್ಟಷ್ಟು ಸುಲಭ ಅಲ್ಲ ಇದು.”

ವಾಲ್ಟ್ ಊರಿನ ಔಷಧದಂಗಡಿಯವನು. ನೆಗಡಿಗೆ ಮಾತ್ರೆ ಕೊಡುವುದು ಹೊಟ್ಟೆಪಾಡು. ನೀರು ಹರಿಸಿ ತಂಪಾಗಿಡುವ ಕಂಪ್ಯೂಟರ್ ಕಟ್ಟುವುದು ಹುಚ್ಚು. ಆ ಊರಲ್ಲಿ ಈ ಹುಚ್ಚು ಹತ್ತಿದವರು ಇಬ್ಬರೇ, ಅವನು ಮತ್ತು ಮಾರ್ನಿ. ಈ ಯಂತ್ರವನ್ನು ಇಬ್ಬರೂ ಸೇರಿ ಇದೇ ಮೇಜಿನ ಮೇಲೆ ಕಟ್ಟಿದ್ದರು. ಊರಿಗೆಲ್ಲ ಚಳಿಯಿಂದ ಜ್ವರದವರೆಗೆ ಫ್ಯಾರನ್‌ಹೀಟ್ ಲೆಕ್ಕ. ಈ ಇಬ್ಬರು ಮಾತ್ರ ಪ್ರೊಸೆಸರ್‌ನ ಶಾಖವನ್ನು ಸೆಲ್ಸಿಯಸ್‌ನಲ್ಲಿ ಹೇಳಿಕೊಂಡು ನಗುತ್ತಿದ್ದರು.

ಅಲ್ಲಿ ಯಾರು ಸತ್ತರೂ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಹ್ಯಾಮ್ ಸ್ಯಾಂಡ್‌ವಿಚ್ ಹಂಚುವಾಗ ಗೋಡೆಯ ಮೇಲೆ ಅವರ ಬದುಕಿನ ಫೋಟೋಗಳು ಒಂದಾದಮೇಲೊಂದು ಓಡಲೇಬೇಕು. ಫೋಟೋ ಓಡದಿದ್ದರೆ ಸತ್ತವರಿಗೆ ಅವಮಾನ, ಬಂದವರಿಗೆ ಬೇಜಾರು. ಮಾರ್ನಿಯ ಫೋಟೋಗಳೆಲ್ಲ ಈ ಯಂತ್ರದಲ್ಲಿದ್ದವು. ಚರ್ಚಿನವರು ಬಂದು ಯಂತ್ರ ಹೊತ್ತಿಸಿದರೆ ಐದು ನಿಮಿಷಕ್ಕೆ ಕಾದು ಕೆಂಡವಾಗಿ ಆರಿಬಿಡುತ್ತಿತ್ತು. ಕರ್ಟ್ ವಾಲ್ಟ್‌ಗೆ ಹೇಳಿಕಳಿಸಿದ್ದು ಅದಕ್ಕೇ.

ಮತ್ತೆ ಹೊತ್ತಿಸಿದಾಗ ಫ್ಯಾನುಗಳೆಲ್ಲ ಸರಿಯಾಗಿ ತಿರುಗುತ್ತಿದ್ದವು. ರೇಡಿಯೇಟರ್‌ನಲ್ಲಿ ಚಿಟಿಕೆ ಧೂಳಿಲ್ಲ. ವಾಲ್ಟ್ ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಪಂಪಿಗೆ ತಾಗಿಸಿ ಕಣ್ಣು ಮುಚ್ಚಿ ಆಲಿಸಿದ. ಡಾಕ್ಟರು ಎದೆಬಡಿತ ಕೇಳುವ ಹಾಗೆ.

“ಪಂಪು ಓಡ್ತಾ ಇದೆ. ಆದ್ರೆ ಏನೋ ಏದುಸಿರು ಬಿಡ್ತಿದೆ.”

“ಅದಕ್ಕೂ ಔಷಧ ಕೊಡು.”

“ತಮಾಷೆ ಸಾಕು, ಇಲ್ಲಿ ಬಾ. ಈ ಪೈಪು ಮುಟ್ಟು.”

ರೋನಾ ಮುಟ್ಟಿದಳು. ತಣ್ಣಗಿತ್ತು.

“ಇದು?”

“ಇದೂ ತಣ್ಣಗೇ ಇದೆ. ಒಳ್ಳೇದಲ್ವಾ?”

“ಎಲ್ಲಿ ಒಳ್ಳೇದು! ಒಲೆ ಕೆಂಪಗೆ ಉರೀತಿದೆ, ಮೇಲಿಟ್ಟ ನೀರು ಮಾತ್ರ ತಣ್ಣಗಿದೆ ಅಂದ್ರೆ ಏನರ್ಥ? ಶಾಖ ನೀರಿಗೆ ಇಳೀತಾನೇ ಇಲ್ಲ. ಎಲ್ಲೋ ದಾರಿ ಕಟ್ಟಿದೆ.”

ಪೈಪಿನ ನಡುವೆ ಕಿರುಬೆರಳ ಉಗುರಿನಷ್ಟು ಪಾರದರ್ಶಕ ಡಬ್ಬಿ, ಅದರಲ್ಲೊಂದು ಕೆಂಪು ಚಕ್ರ. ನೀರು ಹರಿದರೆ ಅದು ಗಿರ್ರನೆ ತಿರುಗಬೇಕು. ವಾಲ್ಟ್ ಇನ್ನೊಮ್ಮೆ ಪಂಪನ್ನು ಮಾತ್ರ ಚಾಲೂ ಮಾಡಿದ. ಚಕ್ರ ಒಂದು ಸಲ ಮಿಸುಕಿ ಸುಮ್ಮನಾಯಿತು.

ಅವನು ಹುಬ್ಬುಗಂಟಿಕ್ಕಿ ಗಾಜಿನ ತೊಟ್ಟಿಯನ್ನು ದಿಟ್ಟಿಸಿದ. ಗೇಣುದ್ದದ, ಕೈ ಹೋಗುವಷ್ಟು ಅಗಲದ ಗಾಜಿನ ಕೊಳವೆ ಅದು, ಯಂತ್ರದ ನೀರೆಲ್ಲ ಬಂದು ಹೋಗುವ ಜಾಗ. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಕದಡಿತ್ತು, ಒಳಗೇನಿದೆ ಎಂದು ಕಾಣುತ್ತಿರಲಿಲ್ಲ.

“ಮಾರ್ನಿ ನೀರಿಗೆ ಬಣ್ಣ ಹಾಕೋಳಲ್ಲ,” ಎಂದು ಗೊಣಗಿದ. “ಕನ್ನಡಿ ಥರ ನೀರಿಡ್ತಿದ್ದಳು. ನನ್ನ ಯಂತ್ರದಲ್ಲಿ ನೇರಳೆ ನೀರು ನೋಡಿ ‘ಇದೇನು ವಾಲ್ಟ್, ಕೆಮ್ಮಿನ ಔಷಧಿ ಸುರಿದ್ಯಾ’ ಅಂತ ಹಂಗಿಸಿದ್ದಳು.”

ಅವನು ಮೂಗೊರೆಸಿಕೊಂಡ. ರೋನಾ ಬೇರೆ ಕಡೆ ನೋಡಿದಳು.

ಕೆಳಗಿನ ತಿರುಪು ಬಿಚ್ಚಿ ನೀರನ್ನು ಬಕೆಟ್ಟಿಗೆ ಬಸಿದ. ಪ್ರೊಸೆಸರ್ ಮೇಲೆ ಕೂತಿದ್ದ ತಾಮ್ರದ ಬಿಲ್ಲೆಯನ್ನು ಮೆಲ್ಲಗೆ ಕಿತ್ತ. ನಡುವಿನ ಬೂದುಬಣ್ಣದ ಪೇಸ್ಟು ಒಣಗಿರಲಿಲ್ಲ, ತೆಳ್ಳಗೆ ಚೆನ್ನಾಗಿ ಹರಡಿತ್ತು. ಅದರ ತಪ್ಪಲ್ಲ. ಇನ್ನು ಉಳಿದದ್ದು ಬಿಲ್ಲೆಯ ಒಳಗು. ಸಣ್ಣ ಸ್ಕ್ರೂಗಳನ್ನು ಬಿಚ್ಚಿ ಮುಚ್ಚಳ ತೆಗೆದ.

“ದೇವರೇ!”

ಒಳಗೆ ಹೇನಿನ ಬಾಚಣಿಗೆಗಿಂತ ಸಣ್ಣ ಹಲ್ಲುಗಳ ತಾಮ್ರದ ಸಾಲು ಇರಬೇಕಿತ್ತು. ಒಂದು ಹಲ್ಲೂ ಕಾಣಲಿಲ್ಲ. ಬಿಳಿಯ ಲೋಳೆಯಂಥ ಗಷ್ಟು ಸಂದುಗೊಂದಿಯಲ್ಲೆಲ್ಲ ಮೆತ್ತಿಕೊಂಡಿತ್ತು.

“ಪಾಚಿಯಾ?” ಎಂದಳು ರೋನಾ.

“ಪಾಚಿ ಹಸಿರು. ಅದು ಇಲ್ಲಿ ಬೆಳೆಯೋ ಹಾಗೂ ಇಲ್ಲ, ಇವಳು ಬೆಳ್ಳಿ ಹಾಕಿದ್ದಳು. ಇದು ಅಲ್ಯೂಮಿನಿಯಂ ಕೊಳೆತದ್ದು. ತಾಮ್ರ ಇರೋ ನೀರಿಗೆ ಅಲ್ಯೂಮಿನಿಯಂ ಬಿದ್ರೆ ನೀರು ಅದನ್ನ ತಿಂದು ಹಾಕುತ್ತೆ. ಇದನ್ನ ಕಟ್ಟೋರೆಲ್ಲ ಮೊದಲ ದಿನ ಕಲಿಯೋ ಪಾಠ ಇದು. ಯಾವ ದರಿದ್ರದವನು ಹಾಕಿದ ಇಲ್ಲಿ ಅಲ್ಯೂಮಿನಿಯಂನ?”

ರೋನಾಳ ಕಿವಿ ಬೇರೊಂದು ಮಾತಿಗೆ ತಗಲಿಕೊಂಡಿತ್ತು.

“ಬೆಳ್ಳಿ ಹಾಕಿದ್ದಳು ಅಂದ್ಯಲ್ಲ. ಎಂಥ ಬೆಳ್ಳಿ?”

“ನಮ್ಮ ಹಳಬರ ಪದ್ಧತಿ. ತೊಟ್ಟಿಗೆ ಒಂದು ಚೂರು ಬೆಳ್ಳಿ ಹಾಕಿದ್ರೆ ನೀರು ಕೆಡಲ್ಲ. ಈಗಿನವರು ಔಷಧಿ ನೀರು ಕೊಂಡು ಸುರೀತಾರೆ. ಮಾರ್ನಿ ಒಪ್ಪಲಿಲ್ಲ, ಅವರಮ್ಮನ ಉಂಗುರಾನೇ ಹಾಕಿದ್ದಳು. ‘ಅಮ್ಮ ಕಾವಲಿರ್ಲಿ’ ಅಂದಳು. ನಾನೇ ಮುಚ್ಚಳ ತಿರುಗಿಸಿದ್ದು.”

“ಹೇಗಿತ್ತು ಉಂಗುರ?”

“ಜಡೆ ಹೆಣೆದ ಹಾಗೆ. ಮೂರು ಎಳೆ, ಒಂದು ಎಳೆ ಮುರಿದಿತ್ತು.”

ಮೂರು ಎಳೆ, ಒಂದು ಮುರಿದದ್ದು. ಆ ಉಂಗುರವನ್ನು ರೋನಾ ತನ್ನ ಕೈಯಾರೆ ಕರಕಲು ಬೆರಳಿನಿಂದ ತೆಗೆದಿದ್ದಳು. ಮಸಿ ಒರೆಸಿ ಕರ್ಟ್‌ನ ಮುಂದೆ ಹಿಡಿದಿದ್ದಳು. ಹೆಣದೊಂದಿಗೇ ಹೋಗಲಿ ಎಂದು ಕರ್ಟ್ ಕೇಳಿಕೊಂಡನೆಂದು ಮತ್ತೆ ಆ ಬೆರಳಿಗೇ ತೊಡಿಸಿ ಗ್ಲೆನ್ ಸ್ಟ್ರೋಮ್‌ಗೆ ಒಪ್ಪಿಸಿದ್ದಳು.

“ಆ ಉಂಗುರದ ವಿಷಯ ನನಗ್ಯಾಕೆ ಹೇಳಲಿಲ್ಲ?”

“ನೀನು ಕೇಳಿದ್ಯಾ? ಹೆಣದ ಮೈಮೇಲೆ ಉಂಗುರ ಸಿಕ್ತು ಅಂತ ಪೇಪರಲ್ಲಿ ಓದಿದೆ. ಯಾವ ಉಂಗುರ ಅಂತ ನನಗೇನು ಕನಸು ಬಿದ್ದಿತ್ತಾ? ಹೆಂಗಸರ ಹತ್ರ ಉಂಗುರ ಒಂದೇನಾ ಇರೋದು?”

ರೋನಾ ರಬ್ಬರ್ ಕೈಗವಸು ಹಾಕಿಕೊಂಡು ತೊಟ್ಟಿಯ ಮುಚ್ಚಳ ತಿರುಗಿಸಿ ಒಳಗೆ ಕೈಯಿಳಿಸಿದಳು. ತಳದಲ್ಲಿ ಲೋಳೆಯ ನಡುವೆ ಗಟ್ಟಿಯಾದದ್ದೊಂದು ಸಿಕ್ಕಿತು.

ಉಂಗುರ. ಬಿಳಿಯದು. ಜಡೆ ಹೆಣೆದದ್ದೇ. ಮೈಯೆಲ್ಲ ಗೆದ್ದಲು ತಿಂದಂತೆ ತೂತು. ಹಿಸುಕಿದರೆ ಬಾಗುತ್ತಿತ್ತು.

ವಾಲ್ಟ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. “ಅಲ್ಯೂಮಿನಿಯಂ ತಂತಿ ಹೆಣೆದಿದ್ದಾರೆ. ಗಾಜಿನ ಹೊರಗಿಂದ ನೋಡಿದ್ರೆ ಬೆಳ್ಳಿ ಅನ್ನಿಸ್ಬೇಕು, ಅಷ್ಟಕ್ಕೆ ಮಾಡಿದ್ದು.”

“ಇಷ್ಟು ಕೊಳೆಯೋಕೆ ಎಷ್ಟು ದಿನ ಬೇಕು?”

“ದಿನ ಅಲ್ಲ ಕಣೆ, ತಿಂಗಳುಗಳು ಬೇಕು. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸು ಬಿದ್ದಿರ್ಬೇಕು.”

ಗುಡಿಸಲು ಸುಟ್ಟು ವಾರವೂ ಆಗಿರಲಿಲ್ಲ.

ರೋನಾ ಮಾರ್ನಿಯ ಕುರ್ಚಿಯ ಮೇಲೆ ಕೂತಳು. ಸಿಟ್ಟು, ನಾಚಿಕೆ, ಭಯ ಮೂರೂ ಒಟ್ಟಿಗೇ ನುಗ್ಗಿದವು. ಉಂಗುರ ಮಾರ್ನಿಯ ಬೆರಳಲ್ಲಿ ಇರಲೇ ಇಲ್ಲ. ನೀರಿನಲ್ಲಿತ್ತು. ಯಾರೋ ತಿಂಗಳುಗಳ ಹಿಂದೆಯೇ ಅದನ್ನು ನೀರಿನಿಂದ ಎತ್ತಿ, ಅದರ ಜಾಗಕ್ಕೆ ಈ ನಕಲಿ ಇಟ್ಟು, ಹೊತ್ತು ನೋಡಿ ಒಂದು ಹೆಣದ ಬೆರಳಿಗೆ ತೊಡಿಸಿದ್ದಾರೆ. ತೊಡಿಸಿದ್ದೇಕೆ? ಆ ಹೆಣ ಮಾರ್ನಿಯದು ಎಂದು ಊರೆಲ್ಲ ನಂಬಲಿ ಎಂದು. ಅದು ನಿಜಕ್ಕೂ ಮಾರ್ನಿಯದೇ ಆಗಿದ್ದರೆ ಇಷ್ಟು ಕಷ್ಟ ಯಾರಿಗೆ ಬೇಕಿತ್ತು?

ಆ ಹೆಣ ಮಾರ್ನಿಯದಲ್ಲ.

ಊರಿನ ಶವಪರೀಕ್ಷೆಯ ಮಹಾರಾಯ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಪೈಕಿ. ಗಂಡನೇ ಉಂಗುರ ಗುರುತಿಸಿದ ಮೇಲೆ ಎಲುಬು ಲ್ಯಾಬಿಗೆ ಕಳಿಸುವುದೇಕೆ ಎಂದು ಕೈ ತೊಳೆದುಕೊಂಡಿದ್ದ. ಹಲ್ಲು ಹೋಲಿಸೋಣವೆಂದರೆ ಮಾರ್ನಿ ಹಲ್ಲಿನ ಡಾಕ್ಟರ ಮೆಟ್ಟಿಲು ಹತ್ತಿದವಳೇ ಅಲ್ಲ. ಎಲ್ಲರೂ ಆ ಒಂದು ಉಂಗುರವನ್ನೇ ನೆಚ್ಚಿ ಕೂತಿದ್ದರು, ರೋನಾಳೂ ಸೇರಿ.

“ಹಾಗಾದ್ರೆ ಆ ಪೆಟ್ಟಿಗೇಲಿ ಮಲಗಿರೋದು ಯಾರು?” ವಾಲ್ಟ್ ಪಿಸುಗುಟ್ಟಿದ.

“ಅದೂ, ಗುಡಿಸಲಿನ ಬೀಗ ತೆಗೆದದ್ದು ಹೇಗೆ ಅನ್ನೋದೂ ಆಮೇಲೆ. ಮೊದಲು ಕರ್ಟ್.”

ಕರ್ಟ್ ಅಡುಗೆಮನೆಯಲ್ಲಿದ್ದ. ನೆರೆಹೊರೆಯವರು ತಂದಿಟ್ಟ ಹಾಟ್‌ಡಿಶ್ ಎಂಬ ಆಲೂಗಡ್ಡೆ ಬೇಯಿಸಿದ ಅಡುಗೆಯ ತಟ್ಟೆಗಳು ಮೇಜಿನ ತುಂಬ ಸಾಲಾಗಿದ್ದವು. ಒಂದರ ಮುಚ್ಚಳವೂ ತೆಗೆದಿರಲಿಲ್ಲ. ಮರದ ಕಾರ್ಖಾನೆಯಲ್ಲಿ ದಿಮ್ಮಿ ಎತ್ತುವ ಆಳು, ಈಗ ಕಾಫಿ ಲೋಟವನ್ನೂ ಎರಡು ಕೈಯಲ್ಲಿ ಹಿಡಿದಿದ್ದ.

“ಸರಿ ಹೋಯ್ತಾ?” ಎಂದ.

“ಇನ್ನೂ ಇಲ್ಲ. ಸ್ವಲ್ಪ ಆ ಕೋಣೆಗೆ ಬಾ.”

“ನಾನು ಬರಲ್ಲ. ಅವಳು ಹೋದಾಗಿಂದ ಆ ಕೋಣೆಗೆ ಕಾಲಿಟ್ಟಿಲ್ಲ.”

“ಇವತ್ತು ಇಡು.”

ದನಿಯಲ್ಲಿ ಏನಿತ್ತೋ, ಕರ್ಟ್ ಎದ್ದು ಬಂದ. ರೋನಾ ಅವನನ್ನು ಮಾರ್ನಿಯ ಕುರ್ಚಿಯಲ್ಲಿ ಕೂರಿಸಿ ತಾನು ಎದುರಿಗೆ ನಿಂತಳು. ನಕಲಿ ಉಂಗುರ ಅವಳ ಒದ್ದೆ ಮುಷ್ಟಿಯಲ್ಲಿತ್ತು.

“ಉಂಗುರ ಮಾರ್ನಿ ಬೆರಳಲ್ಲೇ ಯಾವಾಗ್ಲೂ ಇರ್ತಿತ್ತು ಅಂತ ನನಗೆ ಹೇಳಿದ್ಯಲ್ಲ, ಕರ್ಟ್?”

“ಹೌದು.”

“ಸ್ನಾನ ಮಾಡುವಾಗ್ಲೂ?”

“ಯಾವಾಗ್ಲೂ.”

“ಯಾವ ಕೈ?”

ಅವನು ತಡೆದ. “ಎಡಗೈ.”

“ನಾವು ತೆಗೆದದ್ದು ಬಲಗೈಯಿಂದ. ನಿನ್ನ ಮುಂದೆ ಹಿಡಿದಾಗ ಅದನ್ನ ನಾನು ಹೇಳಿರಲಿಲ್ಲ. ಸುಳ್ಳು ಹೇಳೋನಿಗೆ ಜ್ಞಾಪಕಶಕ್ತಿ ಚೆನ್ನಾಗಿರ್ಬೇಕು ಕಣಪ್ಪ.”

ಕರ್ಟ್‌ನ ಮುಖ ಕಪ್ಪಿಟ್ಟಿತು. “ನನ್ನ ಹೆಂಡತಿ ಸತ್ತಿದ್ದಾಳೆ. ಇವತ್ತು, ಈ ಹೊತ್ತಲ್ಲಿ, ಎಡಗೈ ಬಲಗೈ ಅಂತ ನನ್ನ ಮುಂದೆ ಲೆಕ್ಕ ಹಾಕೋಕೆ ನಿಮಗೆ ನಾಚಿಕೆ ಆಗಲ್ವಾ?”

“ಆಗುತ್ತೆ. ತುಂಬಾ ಆಗುತ್ತೆ. ಅದಕ್ಕೇ ಕೇಳ್ತಿರೋದು. ಆ ಉಂಗುರ ಇರ್ತಿದ್ದದ್ದು ಎಲ್ಲಿ?”

ಕರ್ಟ್‌ನ ಕಣ್ಣು ಅವನನ್ನು ಕೇಳದೆ ಗಾಜಿನ ತೊಟ್ಟಿಯ ಕಡೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು.

“ಗೊತ್ತಿತ್ತು ನಿನಗೆ!” ವಾಲ್ಟ್ ಕೂಗಿಬಿಟ್ಟ. “ಗೊತ್ತಿದ್ದೂ ಎಮೆಟ್‌ನ ಹಿಡ್ಕೊಟ್ಟೆ? ಚಿಕ್ಕಂದಿನಿಂದ ಒಂದೇ ದೋಣೀಲಿ ಮೀನು ಹಿಡಿದೋರು ಕಣೋ ನೀವು!”

“ಬಾಯ್ಮುಚ್ಚು ವಾಲ್ಟ್,” ಎಂದಳು ರೋನಾ. “ಕರ್ಟ್, ನೀನೇ ಅದನ್ನ ತೆಗೆದ್ಯಾ?”

“ಇಲ್ಲ!”

ಕೂಗು ಅಡುಗೆಮನೆಯವರೆಗೂ ಹೋಗಿರಬೇಕು. ಆಮೇಲೆ ಅವನು ದೊಡ್ಡ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಮಾತು ಬೆರಳ ಸಂದಿಯಿಂದ ಬಂತು.

“ಅವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವಳು ಇಲ್ಲೇ ಕೂತಿದ್ದಳು. ಉಂಗುರ ತೊಟ್ಟಿಯೊಳಗೇ ಇತ್ತು, ನನ್ನ ಕಣ್ಣಾರೆ ನೋಡಿದೆ. ನೀರು ಸ್ವಲ್ಪ ಮಬ್ಬಾಗಿತ್ತು, ಆದ್ರೂ ಹೊಳೀತಿತ್ತು. ಸಂಜೆ ನೀವು ಅದನ್ನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಮುಂದೆ ಹಿಡಿದ್ರಿ. ಎಮೆಟ್‌ನ ಗುಡಿಸಲಲ್ಲಿ ಸಿಕ್ತು ಅಂದ್ರಿ.”

“ಅದಕ್ಕೆ?”

“ಅದಕ್ಕೆ ಅಂದ್ರೆ? ನಮ್ಮ ಮದುವೆಗೆ ಹಾಕ್ಕೋ ಅಂದೆ, ಹಾಕ್ಕೊಳ್ಳಲಿಲ್ಲ. ನನ್ನ ತಾಯಿ ಸತ್ತಾಗ ಹಾಕ್ಕೋ ಅಂದೆ, ಇಲ್ಲ. ‘ಇದು ಅಮ್ಮಂದು, ಬೆರಳಿಗೆ ಹಾಕಿ ಸವೆಸೋಕಲ್ಲ’ ಅಂದಳು. ಅಂಥದ್ದನ್ನ ನೀರಿಂದ ತೆಗೆದು, ತೊಟ್ಕೊಂಡು, ಅವನ ಹತ್ರ ಹೋಗಿದ್ದಾಳೆ ಅಂದ್ಕೊಂಡೆ. ಅವನಿಗೋಸ್ಕರ ತೊಟ್ಟಳು ಅಂದ್ಕೊಂಡೆ. ಊರೋರ ಮುಂದೆ ಅದನ್ನ ಹೇಗೆ ಹೇಳ್ಲಿ? ಯಾವಾಗ್ಲೂ ಬೆರಳಲ್ಲೇ ಇರ್ತಿತ್ತು ಅಂದುಬಿಟ್ಟೆ. ಆ ಎಮೆಟ್ ಜೈಲಲ್ಲಿ ಕೊಳೀಲಿ ಅನ್ನಿಸ್ತು. ಈಗ್ಲೂ ಅನ್ನಿಸುತ್ತೆ.”

ರೋನಾಳಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು, ಅದರ ಬೆನ್ನಿಗೇ ಅಯ್ಯೋ ಪಾಪ ಎನಿಸಿತು. ಎರಡನ್ನೂ ನುಂಗಿಕೊಂಡು ಮುಷ್ಟಿ ಬಿಚ್ಚಿದಳು.

“ಅವತ್ತು ಬೆಳಿಗ್ಗೆ ನೀನು ನೋಡಿದ್ದು ಇದು.”

ತೂತು ಬಿದ್ದ ಉಂಗುರವನ್ನು ಕರ್ಟ್ ಬೆರಳಿನಿಂದ ಒತ್ತಿ ನೋಡಿದ.

“ಅಲ್ಯೂಮಿನಿಯಂ,” ಎಂದಳು. “ಹಬ್ಬದ ಹೊತ್ತಿಗೇ ಬದಲಾಯಿಸಿದ್ದಾರೆ. ಈ ಮನೆಯೊಳಗೆ ಓಡಾಡ್ತಿದ್ದವರು ಇಬ್ಬರೇ. ನೀನು ಮಾಡಿದ್ದಿದ್ರೆ ವಾಲ್ಟ್‌ನ ಕರೆಸಿ ಯಂತ್ರ ಬಿಚ್ಚು ಅಂತಿರಲಿಲ್ಲ, ರಾತ್ರೋರಾತ್ರಿ ಕೊಂಡೊಯ್ದು ಕಸಕ್ಕೆ ಎಸೀತಿದ್ದೆ. ಇನ್ನು ಉಳಿದೋರು ಯಾರು?”

“ಇಲ್ಲ,” ಎಂದದ್ದು ವಾಲ್ಟ್. “ಮಾರ್ನಿ ಇಂಥ ತಪ್ಪು ಮಾಡಲ್ಲ ರೋನಾ. ತಾಮ್ರದ ಜೊತೆ ಅಲ್ಯೂಮಿನಿಯಂ ಹಾಕೋನಿಗೆ ಕೈ ಮುರೀಬೇಕು ಅಂತಿದ್ದ ಹೆಣ್ಣು ಅದು.”

“ಗೊತ್ತಿದ್ದೂ ಹಾಕಿದ್ರೆ?”

ರೋನಾ ಗಾಜಿನ ತೊಟ್ಟಿಯ ಕಡೆ ಬೆರಳು ತೋರಿಸಿದಳು.

“ಗಂಡನ ಕಣ್ಣಿಗೆ ಉಂಗುರ ದಿನಾ ಕಾಣ್ತಿರ್ಬೇಕು. ಹೊಳೆಯೋ ತಂತಿ ಕೈಗೆ ಸಿಕ್ಕಿದ್ದು ಅದೊಂದೇ. ಒಂದಲ್ಲ ಒಂದು ದಿನ ನೀರು ಅದನ್ನ ತಿನ್ನುತ್ತೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಹೊತ್ತಿಗೆ ನಾನು ಇಲ್ಲಿರಲ್ಲ, ನನ್ನ ಯಂತ್ರ ಯಾರು ಹೊತ್ತಿಸ್ತಾರೆ ಅಂದ್ಕೊಂಡಳು. ಚರ್ಚಿನ ಗೋಡೆ ಮೇಲೆ ತನ್ನದೇ ಫೋಟೋ ಓಡ್ಬೇಕಾಗುತ್ತೆ ಅನ್ನೋದು ಅವಳ ಲೆಕ್ಕಕ್ಕೆ ಬರಲಿಲ್ಲ.”

“ನೀವು ಏನು ಹೇಳ್ತಿದ್ದೀರಿ?” ಕರ್ಟ್‌ನ ದನಿ ಬಹಳ ಸಣ್ಣಗಾಗಿತ್ತು. “ಅವಳು ಸತ್ತಿಲ್ಲ ಅಂತಾನಾ?”

“ದಹನ ನಿಲ್ಲಿಸ್ತೀನಿ. ಆಮೇಲೆ ನೋಡೋಣ.”

ರೋನಾಳ ಕೈಗವಸಿನ ತುಂಬ ಲೋಳೆ ಮೆತ್ತಿತ್ತು. ಫೋನನ್ನು ಮೇಜಿನ ಮೇಲಿಟ್ಟು ಒಂದು ಬೆರಳಲ್ಲಿ ನಂಬರು ಒತ್ತಿ, ಸ್ಪೀಕರಿಗೆ ಹಾಕಿದಳು. ಗಂಟೆ ಹೋಗುತ್ತಲೇ ಇತ್ತು. ಕಡೆಗೆ ಗ್ಲೆನ್ ಸ್ಟ್ರೋಮ್ ಎತ್ತಿದ. ಹೆಣಗಳ ನಡುವೆ ಇದ್ದೂ ಇದ್ದೂ ಯಾರ ಹತ್ತಿರವೂ ದನಿ ಎತ್ತದ ಮನುಷ್ಯ.

“ಗ್ಲೆನ್, ರೋನಾ ಕಿವೆಲಾ ಮಾತಾಡ್ತಿರೋದು. ಮಾರ್ನಿ ಹೌಗನ್ ದಹನ ನಿಲ್ಲಿಸಿ. ಪೆಟ್ಟಿಗೆ ಮುಟ್ಟಬೇಡಿ.”

ಆಚೆಯಿಂದ ಕಾಗದ ಮಗುಚುವ ಸದ್ದು ಬಂತು.

“ಗ್ಲೆನ್?”

“ಅದು... ಆಗಲೇ ಒಳಗೆ ಹೋಯ್ತಲ್ಲ, ಮೇಡಂ. ಇನ್ನೇನು ಮುಗೀತಾ ಬಂತು.”

“ಸಂಜೆ ಅಂತ ಇತ್ತಲ್ರೀ!”

“ನಿಮ್ಮ ಆಫೀಸಿಂದಾನೇ ಬೆಳಿಗ್ಗೆ ಫೋನ್ ಬಂತು. ಹಿಮಗಾಳಿ ಬರ್ತಿದೆ, ದಾರಿ ಮುಚ್ಚುತ್ತೆ, ಸಂಜೆವರೆಗೂ ಕಾಯಬೇಡಿ ಅಂದ್ರು. ಕಾಗದ ಎಲ್ಲ ಮೊದಲೇ ಸರಿಯಾಗಿತ್ತು, ಹಾಗಾಗಿ...”

“ಯಾರು ಮಾಡಿದ್ದು ಫೋನು?”

“ಯಾರೋ ಹೆಂಗಸು. ಹೆಸರು ಕೇಳಲಿಲ್ಲ, ನನ್ನದೇ ತಪ್ಪು.”

ವಾಲ್ಟ್ ಹಣೆ ಚಚ್ಚಿಕೊಂಡ. ರೋನಾ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಳು. ಜೈಲಿನ ಕಂಬಿಯ ಹಿಂದೆ ಕೂತ ಎಮೆಟ್, ಯಾರದೋ ಮನೆಯ ಮೂಲೆಯಲ್ಲಿ ಮಲಗುವ ಪಿಪ್ಪಾ, ಇಬ್ಬರೂ ಕಣ್ಣ ಮುಂದೆ ಬಂದರು. ಹೆಣ ಹೋಯಿತು. ಇನ್ನು ಉಳಿದದ್ದು ಬಕೆಟ್ಟಿನಲ್ಲಿ ಒಂದಿಷ್ಟು ಬಿಳಿ ನೀರು. ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋದರೆ ಸರ್ಕಾರಿ ವಕೀಲರು ಬಿದ್ದು ಬಿದ್ದು ನಗುತ್ತಾರೆ.

“ಇನ್ನೇನಾದ್ರೂ ಹೇಳಿದ್ಳಾ ಆ ಹೆಂಗಸು?”

“ಉಂಗುರ ಒಂದು ತೆಗೆದಿಡಿ, ಮನೆಯವರು ಮನಸ್ಸು ಬದಲಾಯಿಸಿದ್ದಾರೆ ಅಂದ್ರು. ತೆಗೆದಿಟ್ಟಿದ್ದೀನಿ. ಅದನ್ನ ತಗೊಂಡು ಹೋಗೋಕೆ ನೀವೇ ಕಳಿಸಿದ್ರಲ್ಲ, ಅವರು ಹೊರಗಿನ ಕೋಣೇಲಿ ಕೂತಿದ್ದಾರೆ. ಕೊಟ್ಟುಬಿಡ್ಲಾ?”

ಕರ್ಟ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

“ಹೇಗಿದ್ದಾರೆ ಅವರು?” ರೋನಾ ಮೆಲ್ಲಗೆ ಕೇಳಿದಳು.

“ಹೇಗೆ ಅಂದ್ರೆ... ಕಪ್ಪು ಕೂದಲು, ಕಿವಿವರೆಗೂ ಮಫ್ಲರ್. ತುಂಬಾ ದೂರದಿಂದ ಬಂದ ಹಾಗಿದೆ.”

ಸ್ಟ್ರೋಮ್ ಮಾರ್ನಿಯನ್ನು ಬದುಕಿದ್ದಾಗ ನೋಡಿದವನಲ್ಲ. ಸತ್ತವಳ ಫೋಟೋ ಒಂದೂ ಅವನ ಕೈ ಸೇರಿರಲಿಲ್ಲ, ಎಲ್ಲವೂ ಈ ಕಾದ ಪೆಟ್ಟಿಗೆಯೊಳಗೆ ಸಿಕ್ಕಿಹಾಕಿಕೊಂಡಿದ್ದವು.

ಆಗ ಫೋನಿನ ಆಳದಿಂದ, ಬಾಗಿಲಾಚೆಯಿಂದ ಬಂದಂತೆ, ಹೆಣ್ಣಿನ ದನಿಯೊಂದು ಕೇಳಿಸಿತು.

“ಇನ್ನೂ ತಡ ಇದೆಯಾ, ಸಾರ್? ದಾರಿ ಮುಚ್ಚೋದ್ರೊಳಗೆ ನಾನು ಹೊರಡ್ಬೇಕು.”

ವಾಲ್ಟ್‌ನ ಕೈಯಿಂದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಅವನು ಕರ್ಟ್‌ನ ಮುಖ ನೋಡಿದ. ರೋನಾಳೂ ನೋಡಿದಳು. ಕೇಳುವ ಅಗತ್ಯವೇ ಇರಲಿಲ್ಲ. ಹೆಂಡತಿಯ ದನಿ ಗಂಡನಿಗೆ ಗೊತ್ತಾಗದೆ ಇರುತ್ತದೆಯೇ?

ಕರ್ಟ್ ಮೆಲ್ಲಗೆ ಎದ್ದು, ಕುರ್ಚಿಯನ್ನು ಅದರ ಜಾಗಕ್ಕೆ ಸರಿಸಿ, ಗೂಟದಿಂದ ಕೋಟು ತೆಗೆದುಕೊಂಡ.

“ಕರ್ಟ್, ಕೂತ್ಕೋ,” ಎಂದಳು ರೋನಾ. “ಅವಳು ಜೀವಂತ ಬೇಕು ನನಗೆ. ಎಮೆಟ್ ಹೊರಗೆ ಬರೋಕೆ ಈಗ ಉಳಿದಿರೋದು ಅವಳೊಬ್ಬಳೇ. ಕೇಳಿಸ್ತಾ?”

“ನಾನು ಅವಳಿಗೆ ಅತ್ತು ಮುಗಿಸಿದ್ದೀನಿ,” ಎಂದ ಕರ್ಟ್. “ಊರೆಲ್ಲ ಬಂದು ನನ್ನ ಭುಜ ತಟ್ಟಿ ಹೋಯ್ತು. ಪಾದ್ರಿಗಳು ಪ್ರಾರ್ಥನೆ ಮಾಡಿದ್ರು. ಇನ್ನೇನೂ ಉಳಿದಿಲ್ಲ ರೋನಾ.”

ಬಾಗಿಲು ಧಡ್ಡೆಂದು ಮುಚ್ಚಿತು. ಅವಳು ಕೈಗವಸು ಕಿತ್ತೆಸೆದು ಹಿಂದೆಯೇ ಓಡಿದಳು. ಹೊರಗೆ ಟ್ರಕ್ಕಿನ ಎಂಜಿನ್ ಆಗಲೇ ಗುಡುಗಿತ್ತು. ಸೀಟಿನ ಹಿಂದೆ ಬೇಟೆಯ ಬಂದೂಕು ಇಡದ ಟ್ರಕ್ಕು ಆ ಊರಲ್ಲಿ ಒಂದೂ ಇಲ್ಲ. ಕರ್ಟ್ ಕೈ ಹಿಂದಕ್ಕೆ ಚಾಚಿ ಅದನ್ನು ಪಕ್ಕದ ಸೀಟಿಗೆ ಎಳೆದುಕೊಂಡದ್ದು ಗಾಜಿನಿಂದ ಸ್ಪಷ್ಟವಾಗಿ ಕಂಡಿತು. ಟ್ರಕ್ಕು ರಸ್ತೆ ಹಿಡಿಯಲಿಲ್ಲ. ಹಿಮದ ರಾಶಿ ಸೀಳಿಕೊಂಡು ನೇರ ಸರೋವರಕ್ಕೆ ಇಳಿಯಿತು. ಹೆಪ್ಪುಗಟ್ಟಿದ ನೀರಿನ ಮೇಲೆ ಹೋದರೆ ಸ್ಟ್ರೋಮ್‌ನ ಶವಸಂಸ್ಕಾರದ ಮನೆಗೆ ರಸ್ತೆಯ ಅರ್ಧದಷ್ಟೇ ದೂರ.

“ವಾಲ್ಟ್! ಆ ಹೆಂಗಸನ್ನ ಆ ಕೋಣೆಯಿಂದ ಕರ್ಕೊಂಡು ಹೋಗಿ ಎಲ್ಲಾದ್ರೂ ಬಚ್ಚಿಡಿ ಅಂತ ಗ್ಲೆನ್‌ಗೆ ಹೇಳು!” ಕಾರಿನ ಬಾಗಿಲು ಎಳೆಯುತ್ತ ರೋನಾ ಕೂಗಿದಳು.

ವಾಲ್ಟ್ ಫೋನು ಹಿಡಿದುಕೊಂಡೇ ಮೆಟ್ಟಿಲಿಗೆ ಓಡಿಬಂದ. ಸ್ಪೀಕರಿನಲ್ಲಿ ಗ್ಲೆನ್‌ನ ಮೆತ್ತಗಿನ ದನಿ ಇನ್ನೂ ಕೇಳುತ್ತಿತ್ತು.

“ಮೇಡಂ, ನೀವು ಏನೂ ಹೇಳಲಿಲ್ಲ, ಅದಕ್ಕೇ ಉಂಗುರ ಕೊಟ್ಟುಬಿಟ್ಟೆ. ಹೊರಡ್ತೀನಿ ಅಂದೋರು ಹೊರಡ್ಲಿಲ್ಲ. ಅದನ್ನ ಬೆರಳಿಗೆ ಹಾಕ್ಕೊಂಡು, ಅಮ್ಮಾ ಅಮ್ಮಾ ಅಂತ ಅಳ್ತಾ ನೆಲದ ಮೇಲೇ ಕೂತುಬಿಟ್ಟಿದ್ದಾರೆ. ಎಬ್ಬಿಸೋಕೆ ಹೋದ್ರೆ ಏಳ್ತಾನೇ ಇಲ್ಲ.”